ರೇಡಿಯೇಟರಿಗೆ ಕಟ್ಟಿದ ಊಜಿ ಪರದೆ

ಹೊಸ ಬೈಕಿನ ರೇಡಿಯೇಟರನ್ನು ಮೊದಲ ಸಲ ಬಗ್ಗಿ ನೋಡಿದವನು ಬೆರಗಾಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದೆ. ಕಾಗದದಷ್ಟು ತೆಳು ತಗಡಿನ ಎಸಳುಗಳು, ಉಗುರು ತಾಗಿದರೂ ಬಾಗುವಂಥವು. ಕುದಿಯುವ ಎಂಜಿನ್ನನ್ನು ತಣ್ಣಗಿಡುವುದು ಅವೇ ಅಂತೆ! ಅದನ್ನು ತಂದು ಮುಂದಿನ ಚಕ್ರದ ಹಿಂದೆಯೇ ಇಟ್ಟಿದ್ದಾರೆ. ನಮ್ಮ ರಸ್ತೆಯ ಜಲ್ಲಿ, ಕೆಸರು, ಧೂಳು ಎಲ್ಲವೂ ನೇರ ಅದರ ಮುಖಕ್ಕೇ.

ಅದಕ್ಕೆ ಮದ್ದು ಕಂಡುಹಿಡಿದದ್ದು ನನ್ನ ಹೆಂಡತಿ. ಸುಗಟೂರಿನ ನಮ್ಮ ರೇಷ್ಮೆ ಹುಳುಮನೆಯ ಕಿಟಕಿಗಳಿಗೆ, ಹುಳುವನ್ನು ಕೊಲ್ಲುವ ಊಜಿ ನೊಣ ಬರದಂತೆ ನೈಲಾನ್ ಪರದೆ ಕಟ್ಟಿದ್ದೇವೆ. ಮಿಕ್ಕಿದ್ದ ತುಂಡನ್ನು ಎರಡು ಪದರ ಮಡಿಸಿ ಹೊಲಿದು ರೇಡಿಯೇಟರಿಗೆ ಬಿಗಿದಳು.

"ನೊಣಾನೇ ನುಗ್ಗಲ್ಲ, ಇನ್ನು ಕಲ್ಲು ನುಗ್ತದಾ?" ಎಂದಳು. ನಾನೂ ಬೀಗಿದೆ.

ಹುರುಳಿ ಕೊಯ್ಲಿನ ದಿನಗಳು. ಶ್ರೀನಿವಾಸಪುರದ ಕಡೆಯಿಂದ ಚಾಕಿ ತರುತ್ತಿದ್ದೆವು. ಚಾಕಿ ಎಂದರೆ ಎಳೆ ರೇಷ್ಮೆಹುಳು. ಬಿಸಿಲು ತಾಗಿದರೆ ಮುಗಿಯಿತು, ಇಡೀ ಬೆಳೆಯೇ ಹೋದಂತೆ. ತಂಪುಹೊತ್ತಿನಲ್ಲೇ ಹೊರಡಬೇಕಿತ್ತು, ಅಲ್ಲಿ ತಡವಾಯಿತು. ಹೆಂಡತಿ ಚಾಕಿ ತಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದಳು. ದಾರಿಯುದ್ದಕ್ಕೂ ರೈತರು ಕೊಯ್ದ ಹುರುಳಿ ಗಿಡವನ್ನು ರಸ್ತೆಯ ಮೇಲೆ ಹರಡಿದ್ದರು. ಬಸ್ಸು ಲಾರಿಗಳ ಚಕ್ರವೇ ಒಕ್ಕಣೆ ಮಾಡಲಿ ಎಂದು ಬದಿಯಲ್ಲಿ ಕಾಯುವುದು ನಮ್ಮ ಕಡೆಯ ರೂಢಿ. ನಮ್ಮ ಬೈಕೂ ತುಳಿಯುತ್ತಾ ಬಂತು, ಹೊಟ್ಟು ಮುಗಿಲಿಗೇರಿತು.

ಅರ್ಧ ದಾರಿಯಲ್ಲಿ, ಎಂಜಿನ್ ಕಾದಿದೆಯೆಂದು ಬೈಕಿನ ಕೆಂಪು ದೀಪ ಹತ್ತಿತು. ಫ್ಯಾನು ಭೋರೆಂದಿತು. ಹುಣಸೆಮರದ ನೆರಳಿಗೆ ನಿಲ್ಲಿಸಿ ಬಗ್ಗಿದರೆ ಪರದೆಯೇ ಕಾಣಿಸುತ್ತಿಲ್ಲ. ಹೊಟ್ಟು ಧೂಳು ಸೇರಿ ಗೋಡೆ ಮೆತ್ತಿದಂತಾಗಿತ್ತು. ಹಿಂದಿನ ಎಸಳುಗಳೋ ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿದ್ದವು. ಕಾಪಾಡಿ ಕಾಪಾಡಿ ಉಸಿರೇ ಕಟ್ಟಿಸಿದ್ದೆವು.

ಹೆಂಡತಿ ಹಣೆ ಬಡಿದುಕೊಂಡಳು. "ಮನೇಲಿ ದಿನಾ ಬೆಳಿಗ್ಗೆ ಪರದೆ ಕೊಡವ್ತೀನಲ್ರೀ, ಹುಳಕ್ಕೆ ಗಾಳಿ ಬೇಕು ಅಂತ. ಇದಕ್ಕೆ ಯಾಕೆ ಹೊಳೀಲಿಲ್ಲ ನಂಗೆ?"

ಪರದೆ ಕಿತ್ತೆ. ಎಂಜಿನ್ ತಣಿಯುವವರೆಗೆ ಹುಳ ತಡೆಯಬೇಕಲ್ಲ, ನನಗೆ ಭಯವಾಯಿತು. ಹುರುಳಿ ಕಾಯುತ್ತಿದ್ದ ಹೆಂಗಸರು ಓಡಿಬಂದರು. ಅವರಲ್ಲೊಬ್ಬ ಅಜ್ಜಿ ತಟ್ಟೆ ನೋಡಿ, "ಅಯ್ಯೋ ತಲ್ಲೀ, ಚಾಕಿನಾ?" ಎಂದವಳೇ ಮೊರ ತಂದು ಮೆಲ್ಲಗೆ ಗಾಳಿ ಹಾಕತೊಡಗಿದಳು. ಇನ್ನೊಬ್ಬಳು ಪಕ್ಕದ ತೋಟದ ಹಿಪ್ಪುನೇರಳೆ ಚಿಗುರು ಕಿತ್ತು ತಂದಳು. ಹೆಂಡತಿ ಅದನ್ನು ಸಣ್ಣಗೆ ಹರಿದು ಉದುರಿಸಿದಳು. ನೂಲಿನ ಎಳೆಗಳಂತೆ ಬಿದ್ದಿದ್ದ ಹುಳುಗಳು ಅಲುಗಲಿಲ್ಲ.

ಆಗ ಎಂಜಿನ್ ತಣಿದು ಬೈಕಿನ ಫ್ಯಾನು ತಾನಾಗಿ ನಿಂತಿತು. ಒಂದು ಹುಳು ತಲೆಯೆತ್ತಿತು, ಪಕ್ಕದ್ದೂ ಎತ್ತಿತು. ಅಷ್ಟು ಪುಟ್ಟ ಜೀವ ಎಲೆಯಂಚನ್ನು ಹುಡುಕಿ ಬಾಯಿ ಹಾಕಿದ್ದು ಕಂಡು ನನ್ನ ಮೈ ಜುಮ್ಮೆಂದಿತು.

"ತಿಂತಾವೆ," ಎಂದಳು ಹೆಂಡತಿ, ಅಳುತ್ತಾ.

ಹೊರಡುವಾಗ ನಾನು ಪರದೆಯನ್ನು ಕೊಡವಿ ಮತ್ತೆ ಕಟ್ಟಲು ಹೋದೆ. ಅಜ್ಜಿ ತಡೆದಳು. "ಅದು ಬ್ಯಾಡ ಕಣಪ್ಪಾ, ಇರು," ಎಂದು ಕೋಲು ಹಿಡಿದು ತನ್ನ ಹುರುಳಿಯನ್ನು ಬದಿಗೆ ಸರಿಸತೊಡಗಿದಳು. ಉಳಿದವರೂ ಕೈಜೋಡಿಸಿದರು. ಮುಂದಿನ ಗುಂಪಿಗೆ ಕೂಗಿದರು: "ಚಾಕಿ ಬರ್ತಾ ಐತೆ, ದಾರಿ ಬಿಡ್ರೇ!" ಅವರು ಅದರಾಚೆಯವರಿಗೆ ಕೂಗಿದರು.

ಚಕ್ರ ಬರಲೆಂದೇ ಬೆಳಗಿನಿಂದ ಕಾದಿದ್ದವರು, ಬಂದ ಚಕ್ರಕ್ಕೆ ಹುರುಳಿ ಸರಿಸಿ ನಿಂತಿದ್ದರು. ರೇಡಿಯೇಟರು ಬರಿಮೈಯಲ್ಲೇ ಮನೆ ಸೇರಿತು. ಒಂದು ಚೂರು ಹೊಟ್ಟೂ ತಾಗಿರಲಿಲ್ಲ.