ಹ್ಯಾರಿಯೆಟ್ ಹೆಸರಿಲ್ಲದ ವರದಿ

೧೯೯೭ರಲ್ಲಿ ನಾನು ಅಮೆರಿಕದ ಡರ್ಹಮ್‌ನ ಒಂದು ಸೆಮಿಕಂಡಕ್ಟರ್ ಲ್ಯಾಬಿನಲ್ಲಿ ಎಂಜಿನಿಯರ್ ಆಗಿದ್ದೆ. ಟ್ರಾನ್ಸಿಸ್ಟರ್ ಹುಟ್ಟಿ ಐವತ್ತು ವರ್ಷವಾಗಿತ್ತು. ಆ ನೆನಪಿಗೆ ಮೊದಲ ಕಾಲದ ಟ್ರಾನ್ಸಿಸ್ಟರ್ ಒಂದನ್ನು ಹೊಸದಾಗಿ ಕಟ್ಟಿ, ಅತಿಥಿಗಳೆದುರು ನಡೆಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ನೋಡಲು ಅದು ಸರಳ. ಜರ್ಮೇನಿಯಂ ಹರಳಿನ ಚೂರಿನ ಮೇಲೆ ಎರಡು ತಂತಿಗಳ ಮೊನೆ ಕೂದಲೆಳೆಯ ಅಂತರದಲ್ಲಿ ತಾಗಿರಬೇಕು. ಒಂದಕ್ಕೆ ಕೊಟ್ಟ ಸಣ್ಣ ಸಿಗ್ನಲ್ ಇನ್ನೊಂದರಲ್ಲಿ ದೊಡ್ಡದಾಗಿ ಬರಬೇಕು. ಮೂರು ವಾರದಲ್ಲಿ ಇಪ್ಪತ್ತಾರು ಕಟ್ಟಿದೆ. ಒಂದೂ ಕೆಲಸ ಮಾಡಲಿಲ್ಲ.

ಕೊನೆಗೆ ಹ್ಯಾರಿಯೆಟ್ ಎಂಬ ಮಹಿಳೆಯನ್ನು ಹುಡುಕಿ ಕರೆತಂದೆ. ಎಪ್ಪತ್ತು ದಾಟಿದವರು, ಐವತ್ತರ ದಶಕದಲ್ಲಿ ಕಾರ್ಖಾನೆಯಲ್ಲಿ ಇವನ್ನೇ ಜೋಡಿಸುತ್ತಿದ್ದವರು. ಮೈಕ್ರೋಸ್ಕೋಪಿನಲ್ಲಿ ನೋಡಿ, “ತಂತಿ ಸರಿಯಾಗಿದೆ. ಶಾಕ್ ಕೊಟ್ಟಿದ್ದು ಸಾಲದು,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಔಟ್‌ಪುಟ್ ತಂತಿಯಲ್ಲಿ ಕ್ಷಣಮಾತ್ರ ಜೋರು ಕರೆಂಟ್ ಹರಿಸಿ ಮೊನೆಯಡಿಯ ಹರಳನ್ನು ಹದಮಾಡುವುದಕ್ಕೆ ‘ಫಾರ್ಮಿಂಗ್’ ಎನ್ನುತ್ತಾರೆ. ಪುಸ್ತಕದಲ್ಲಿ ಅದನ್ನು ಓದಿದ್ದೆ. ಎಷ್ಟು ಹರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ನಾಲ್ಕನೆಯ ಸಲಕ್ಕೆ ಆಸಿಲೋಸ್ಕೋಪಿನ ಪರದೆಯ ಮೇಲೆ ಸಿಗ್ನಲ್ಲಿನ ಅಲೆ ಎತ್ತರಕ್ಕೆದ್ದಿತು.

ವರದಿಯಲ್ಲಿ ಅವರ ಹೆಸರನ್ನೇ ಮೊದಲು ಬರೆದೆ. ನನ್ನ ಮ್ಯಾನೇಜರ್ ರಘು, ಬೆಂಗಳೂರಿನವರು, ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು.

“ಅವರು ಅಸೆಂಬ್ಲಿ ಲೈನ್‌ನಲ್ಲಿದ್ದೋರು, ಸುಮಾ. ಡಿಗ್ರಿ ಇಲ್ಲ. ಹೆಸರು ಹಾಕಿದ್ರೆ ನಮ್ಮನ್ನ ಸೀರಿಯಸ್ ಆಗಿ ತಗೋತಾರಾ?”

“ಕೆಲಸ ಮಾಡಿಸಿದ್ದು ಅವರು. ನಾನಲ್ಲ.”

“ನಿಮ್ಮ ಗ್ರೀನ್ ಕಾರ್ಡ್ ಫೈಲ್‌ಗೆ ನಾನೇ ಸೈನ್ ಮಾಡ್ಬೇಕು. ಸ್ವಲ್ಪ ಯೋಚನೆ ಮಾಡಿ.”

ಇಷ್ಟನ್ನೂ ಅವರು ಅಚ್ಚುಕಟ್ಟಾಗಿ, ನನ್ನದೇ ಭಾಷೆಯಲ್ಲಿ ಹೇಳಿದರು. ಮೈ ಉರಿಯಿತು. ಆದರೂ ಹ್ಯಾರಿಯೆಟ್ ಹೆಸರಿಲ್ಲದ ಆ ವರದಿಗೆ ಸಹಿ ಹಾಕಿದೆ.

ಪ್ರದರ್ಶನದ ದಿನ ಹ್ಯಾರಿಯೆಟ್‌ರನ್ನು ನನ್ನ ಅತಿಥಿಯಾಗಿ ಕರೆದಿದ್ದೆ. ಯಾರದೋ ಕೈ ಮೇಜಿಗೆ ತಗುಲಿ ತಂತಿ ಅಲುಗಿತು, ಅಲೆ ಮಲಗಿಬಿಟ್ಟಿತು. ರಘು ನನ್ನ ಮುಖ ನೋಡಿದರು. ನಾನು ಮೈಕ್ ತೆಗೆದುಕೊಂಡು, “ಇದನ್ನು ಸರಿಮಾಡಬಲ್ಲವರು ಕೊನೆಯ ಸಾಲಿನಲ್ಲಿದ್ದಾರೆ,” ಎಂದೆ. ಅವರು ಬಂದು ಹತ್ತು ನಿಮಿಷದಲ್ಲಿ ಸರಿಮಾಡಿದರು. ಇವರು ಯಾರೆಂದು ಅತಿಥಿಯೊಬ್ಬರು ಕೇಳಿದಾಗ ರಘು, “ನಮ್ಮ ಒಬ್ಬ ಟೆಕ್ನಿಷಿಯನ್,” ಎಂದರು.

“ನನಗೊಂದು ಹೆಸರಿದೆ,” ಎಂದ ಹ್ಯಾರಿಯೆಟ್ ತಮ್ಮ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದರು.

ನನ್ನ ಫೈಲ್ ಮುಂದೆ ಹೋಗಲೇ ಇಲ್ಲ. ಅಟ್ಲಾಂಟಾದಲ್ಲಿ ಬೇರೆ ಕೆಲಸ ಹಿಡಿದು ಮೊದಲಿನಿಂದ ಅಪ್ಲೈ ಮಾಡಿದೆ. ಯಾರ ಕೈಯ ಕೆಲಸವೋ ಅವರ ಹೆಸರು ಕಾಗದದಲ್ಲಿರಬೇಕು. ಅದಿಲ್ಲದ ಕಾಗದಕ್ಕೆ ಸಹಿ ಹಾಕಬಾರದು. ವೃತ್ತಿ ನನಗೆ ಕಲಿಸಿದ್ದು ಇದನ್ನು, ತಡವಾಗಿ. ರಘು ಮೇಲಿನ ಸಿಟ್ಟು ಎಂದೋ ಇಳಿಯಿತು. ಆ ವರದಿಯ ಕೆಳಗಿರುವ ನನ್ನ ಸಹಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.