ಸೋಮವಾರದ ಸಕ್ಕರೆ

ನಮ್ಮ ಬೀದಿಯ ಹೆಂಗಸರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದು ಊರಿನ ಆರೋಗ್ಯ ಉಪಕೇಂದ್ರದ ಪುಸ್ತಕದಲ್ಲಿ ಒಂದು ವರ್ಷಕ್ಕೂ ಮೇಲೆ ಬರೆದಿತ್ತು. ಅದು ಸುಳ್ಳು. ಸುಳ್ಳು ಹೇಳಿದವರು ನಾವು, ಹೇಳಿಕೊಟ್ಟವಳು ನಾನು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಮುಡುಕುತೊರೆ ಪಕ್ಕದ ತವರೂರಿನಲ್ಲಿ. ಮದುವೆಯಾಗಿ ನಂಜನಗೂಡು ತಾಲ್ಲೂಕಿಗೆ ಬಂದೆ. ಆಗ ಮೈ ಸರಿಯಿಲ್ಲದಿದ್ದರೆ ಹುಲ್ಲಹಳ್ಳಿಗೆ ಗಾಡಿ ಕಟ್ಟಬೇಕಿತ್ತು. ನನ್ನ ಮೊದಲ ಕೂಸು ಆ ಗಾಡಿಯಲ್ಲೇ ಹೋಯಿತು. ಆದ್ದರಿಂದ ಊರಿಗೇ ನರ್ಸಮ್ಮ, ಮಾತ್ರೆ, ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಬಂದಾಗ ಒಂದು ತಿಂಗಳೂ ತಪ್ಪಿಸದೆ ಹೋಗುತ್ತಿದ್ದೆ. ನನಗೂ ಸಕ್ಕರೆ, ನನ್ನ ಮೈದುನನ ಹೆಂಡತಿಗೂ ಸಕ್ಕರೆ.

ನರ್ಸಮ್ಮನಿಗೆ ನಾಲ್ಕು ಊರು. ನಮ್ಮೂರಿಗೆ ಸಿಕ್ಕಿದ್ದು ತಿಂಗಳ ಮೊದಲ ಸೋಮವಾರ. ನಮ್ಮ ಕಡೆ ಹೆಂಗಸರಿಗೆ ಸೋಮವಾರ ಶಿವನ ಒಪ್ಪತ್ತು. ಸಂಜೆ ದೀಪ ಹಚ್ಚಿ ಕೈ ಮುಗಿಯುವ ತನಕ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ.

ಮೊದಲ ಸಲ ನರ್ಸಮ್ಮ ಕೇಳಿದಳು, "ಬೆಳಿಗ್ಗೆ ಏನ್ ತಿಂದ್ರಿ ಅಜ್ಜಿ?"

"ಏನೂ ಇಲ್ಲ ಕಣವ್ವ, ಒಪ್ಪತ್ತು."

"ಸಕ್ಕರೆ ಇಟ್ಕೊಂಡು ಉಪವಾಸಾನಾ? ತಲೆ ತಿರುಗಿ ಬಿದ್ರೆ ಯಾರು ನೋಡ್ತಾರೆ? ಊಟ ಮಾಡಿ ಎರಡು ಗಂಟೆ ಬಿಟ್ಟು ಬರ್ಬೇಕು, ಗೊತ್ತಾಯ್ತಾ?"

ಎಲ್ಲರ ಮುಂದೆ ಬೈದಳು. ನನ್ನ ಮೊಮ್ಮಗಳ ವಯಸ್ಸಿನವಳು. ನಾನು ಬೈಸಿಕೊಳ್ಳುವ ಪೈಕಿ ಅಲ್ಲ. ಮುಂದಿನ ತಿಂಗಳು ಉಪಕೇಂದ್ರದ ಜಗುಲಿಯ ಮೇಲೆ ಸಾಲಾಗಿ ಕುಳಿತಿದ್ದವರಿಗೆಲ್ಲ ಹೇಳಿದೆ: "ಕೇಳುದ್ರೆ ಮುದ್ದೆ ಉಂಡಿವ್ನಿ ಅನ್ರಮ್ಮಿ. ಏನ್ ಸಾರು ಅಂದ್ರೆ ಉಪ್ಸಾರು ಅನ್ರಿ. ಅವ್ಳೇನು ಒಟ್ಟೆ ಸೀಳಿ ನೋಡಾಳಾ?"

ಸೀಳಲಿಲ್ಲ. ಬೆರಳು ಚುಚ್ಚಿದಳು, ಊಟವಾಗಿ ಎರಡು ಗಂಟೆ ಎಂದು ಬರೆದುಕೊಂಡಳು. ಖಾಲಿ ಹೊಟ್ಟೆಯ ಸಕ್ಕರೆ, ಉಂಡ ಹೊಟ್ಟೆಯ ಸಾಲಿನಲ್ಲಿ ಕುಳಿತಿತು. ಉಂಡ ಮೇಲೂ ಇಷ್ಟೇನಾ ಎಂದು ಅವಳಿಗೂ ಖುಷಿ, ನಮಗೂ ಖುಷಿ. ನನ್ನ ಓರಗಿತ್ತಿಯಂತೂ ಮಾತ್ರೆಯನ್ನು ಮುರಿದು ಅರ್ಧ ನುಂಗಲು ಶುರು ಮಾಡಿದಳು.

"ಒಪ್ಪತ್ತಿನ ಪುಣ್ಯ ಕಣಕ್ಕ, ಕಾಯ್ಲೆ ಓಯ್ತು," ಅಂದಳು. ನಾನೂ ಹೂಂ ಅಂದೆ.

ಹೋದ ಕೊಯ್ಲಿನಲ್ಲಿ ಗದ್ದೆಯಲ್ಲಿ ಉಳಿದ ಭತ್ತದ ಕೂಳೆ ಅವಳ ಕಾಲ್ಬೆರಳಿಗೆ ಚುಚ್ಚಿತು. ಚುಚ್ಚಿದ್ದು ಅವಳಿಗೇ ಗೊತ್ತಾಗಲಿಲ್ಲ. ಎಷ್ಟೋ ದಿನದ ಮೇಲೆ ಅವಳ ಮನೆಗೆ ಹೋದರೆ ಒಳಗೆ ನಾತ.

"ಏನಮ್ಮಿ, ಇಲಿಗಿಲಿ ಸತ್ತದಾ?"

"ಇಲಿ ಅಲ್ಲ ಕಣಕ್ಕ, ನನ್ ಕಾಲೇಯ," ಎಂದು ನಕ್ಕಳು.

ಸುತ್ತಿದ್ದ ಅರಿಶಿನದ ಬಟ್ಟೆ ಬಿಚ್ಚಿದೆ. ಕಿರುಬೆರಳು ಕಪ್ಪಗಾಗಿತ್ತು. ಅದುಮಿದೆ. "ನೋಯ್ತದಾ?"

"ಇಲ್ವಲ್ಲ."

ನೋವು ಅಂದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅವತ್ತೇ ಬಸ್ಸು ಹತ್ತಿಸಿ ನಂಜನಗೂಡಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕಾಲು ನೋಡಿದರು, ನರ್ಸಮ್ಮ ತಿಂಗಳು ತಿಂಗಳು ಸಕ್ಕರೆ ಬರೆದುಕೊಡುತ್ತಿದ್ದ ಅವಳ ಚಿಕ್ಕ ಪುಸ್ತಕ ನೋಡಿದರು, ಮತ್ತೆ ಕಾಲು ನೋಡಿದರು. ಹಿಂದಿನ ಮೂರು ತಿಂಗಳ ಸಕ್ಕರೆ ಹೇಳುವ ಪರೀಕ್ಷೆ ಒಂದಿದೆಯಂತೆ, ಅದಕ್ಕೆ ರಕ್ತ ತೆಗೆಸಿದರು.

"ಅಜ್ಜಿ, ಪುಸ್ತಕ ಒಂದು ಹೇಳುತ್ತೆ, ರಕ್ತ ಒಂದು ಹೇಳುತ್ತೆ. ಯಾವುದು ಸುಳ್ಳು?"

"ಪುಸ್ತಕ. ಬರೆಸ್ದೋಳು ನಾನೆಯ," ಎಂದು ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎದುರಾಡಿ ಹಗುರಾಗುತ್ತಿದ್ದೆ. ಬೆರಳು ಉಳಿಯುವುದಿಲ್ಲ, ಸಕ್ಕರೆ ಇಳಿಯದಿದ್ದರೆ ಪಾದವೂ ಉಳಿಯುವುದಿಲ್ಲ ಎಂದಷ್ಟೇ ಹೇಳಿದರು. ಬೆರಳು ತೆಗೆದರು. ನಾನು ಮಂಚದ ಪಕ್ಕ ಕುಳಿತು ಮುಖ ಗಂಟಿಕ್ಕಿಕೊಂಡಿದ್ದರೆ ಅವಳೇ, "ಇನ್ನೂ ಒಂಬತ್ತು ಅವೆ ಬುಡಕ್ಕ" ಅಂದಳು. ಒಂಬತ್ತನ್ನಾದರೂ ಉಳಿಸಬೇಕು ಅಂತ ಆಗಲೇ ಗಟ್ಟಿ ಮಾಡಿಕೊಂಡೆ.

ಊರಿಗೆ ಬಂದು ನೇರ ನರ್ಸಮ್ಮನ ಮುಂದೆ ನಿಂತು ಒಪ್ಪಿಕೊಂಡೆ. ಅವಳ ಮುಖ ಬಿಳಚಿಕೊಂಡಿತು. "ನನ್ ಕೈಯಲ್ಲೇ ಬರೆಸಿದ್ರಲ್ಲ ಅಜ್ಜಿ!"

"ಬರೆಸ್ದೆ. ನೀನು ಬೈದೆ, ನಾವು ಮುಚ್ಚಿಟ್ಟೋ. ಈಗ ದಿನ ಬದ್ಲಾಯ್ಸು."

ಅದು ಅವಳ ಕೈಯಲ್ಲಿರಲಿಲ್ಲ. ದೊಡ್ಡ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋದೆ. ಮೊದಲ ದಿನ ಮೀಟಿಂಗು ಎಂದರು. ಎರಡನೇ ದಿನ ಅರ್ಜಿ ಬರೆದು ತನ್ನಿ ಎಂದರು. ಮೂರನೇ ಸಲ ನನ್ನ ವಕ್ರ ಅಕ್ಷರದಲ್ಲೇ ಬರೆದು, ಬೀದಿಯ ಹೆಂಗಸರನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಹೋದೆ.

"ಯಾವೂರಿಗೆ ಯಾವ ದಿನ ಅನ್ನೋ ಪಟ್ಟಿ ಮೇಲಿಂದ ಬರೋದು ಅಜ್ಜಿ," ಎಂದರು ಡಾಕ್ಟರು.

"ಮೇಲಿರೋರ್ಗೆ ನಮ್ ಸೋಮವಾರ ಗೊತ್ತಾ ಸಾ? ಶಿವನ್ ದಿನ ನಾನ್ ಬದ್ಲಾಯ್ಸದು ಸುಲ್ಬವೋ, ನಿಮ್ ದಿನ ನೀವ್ ಬದ್ಲಾಯ್ಸದೋ?"

ಅವರು ನಕ್ಕು ಅರ್ಜಿ ಇಸಿದುಕೊಂಡರು. ಸೋಮವಾರವನ್ನು ಪಕ್ಕದೂರಿಗೆ ತಳ್ಳೋಣ ಎಂದರು. ಅಲ್ಲಿಯ ಹೆಂಗಸರಿಗೂ ಒಪ್ಪತ್ತೇ, ಅಲ್ಲೂ ಇದೇ ಕಥೆ ಆಗುತ್ತದೆ ಎಂದು ನರ್ಸಮ್ಮನೇ ತಡೆದಳು. ಕೊನೆಗೆ ಸೋಮವಾರ ಕೂಸುಗಳ ತೂಕಕ್ಕೆ ಹೋಯಿತು. ಕೂಸುಗಳಿಗೆ ಒಪ್ಪತ್ತಿಲ್ಲ. ನಮಗೆ ಬುಧವಾರ ಸಿಕ್ಕಿತು.

ಮೊದಲ ಬುಧವಾರ ಎಲ್ಲರೂ ಹೊಟ್ಟೆ ತುಂಬ ಉಂಡು ಹೋದೆವು. ನರ್ಸಮ್ಮ ಈ ಸಲ ಗದರಲಿಲ್ಲ, ಏನು ಉಂಡಿರಿ, ಮಾತ್ರೆ ಎಷ್ಟು ಬಿಟ್ಟಿರಿ ಎಂದು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದಳು. ಹೆಚ್ಚಿನವರಿಗೆ ಸಕ್ಕರೆ ಏರಿತ್ತು, ನನಗೂ ಏರಿತ್ತು. ಎದುರು ಮನೆಯ ಸೊಸೆ ಹಂಗಿಸಿದಳು: "ಅಜ್ಜಿ, ಸೋಮ್ವಾರ ಎಲ್ಲಾ ಚೆಂದಾಗಿದ್ದೋ. ನಿನ್ನ ಬುದ್ವಾರ ಬಂದು ಊರಿಗ್ ಊರೇ ಕಾಯ್ಲೆ ಬಿತ್ತು ನೋಡು."

"ಬಿದ್ದಿದ್ದು ಯಾವತ್ತೋ ಕಣಮ್ಮಿ. ಗೊತ್ತಾಗಿದ್ದು ಇವತ್ತು."

ಓರಗಿತ್ತಿ ಈಗ ಪೂರಾ ಮಾತ್ರೆ ನುಂಗುತ್ತಾಳೆ. ಒಪ್ಪತ್ತು ಮಾತ್ರ ಬಿಡಲೊಲ್ಲೆ ಎಂದು ಹಟ ಹಿಡಿದಿದ್ದಳು. ಸೋಮವಾರ ಬೆಳಿಗ್ಗೆ ತಟ್ಟೆ ತೆಗೆದುಕೊಂಡು ಹೋಗಿ ಅವಳ ಎದುರೇ ಕುಳಿತು ಮೊದಲ ತುತ್ತು ನಾನು ಉಂಡೆ. "ಪಾಪ ಬತ್ತದೆ ಕಣಕ್ಕ," ಎಂದು ಕಣ್ಣರಳಿಸಿದಳು. "ಬರ್ಲಿ, ನೀ ಉಣ್ಣು," ಎಂದೆ. ಬೈದುಕೊಂಡೇ ಉಂಡಳು.

ದಿನಾ ಬೆಳಿಗ್ಗೆ ಅವಳ ಪಾದ ನನ್ನ ಮಡಿಲಿಗೆ ಎತ್ತಿಟ್ಟುಕೊಂಡು ಬೆರಳ ಸಂದಿ ಸಂದಿ ನೋಡುತ್ತೇನೆ. ಡಾಕ್ಟರಮ್ಮ ಹೇಳಿಕೊಟ್ಟ ಕೆಲಸ ಅದು. ಗಾಯ ಅವರೆಕಾಳಿನಷ್ಟು ಉಳಿದಿದೆ. ಪೂರಾ ಮುಚ್ಚುವ ತನಕ ನಾನು ಆ ಕಾಲು ಬಿಡುವವಳಲ್ಲ.