ಅರಸನ ಕೈ ಮೇಲೆ ಬಿದ್ದ ಬೆಳಕು

ಇದನ್ನು ಹೇಳಲೆಂದು ಹಲವು ಸಲ ಕೂತು, ಬೇರೇನೋ ಮಾತಾಡಿ ಎದ್ದುಬಿಟ್ಟಿದ್ದೇನೆ. ಇನ್ನು ಮುಂದೂಡಲಾರೆ.

ನಿವೃತ್ತನಾದ ಮೇಲೆ ನಾನು ಧಾರವಾಡದ ಹವ್ಯಾಸಿ ನಾಟಕ ತಂಡವೊಂದಕ್ಕೆ ಫಾಲೋ ಸ್ಪಾಟ್ ಹಿಡಿಯುತ್ತಿದ್ದೆ. ಸಭಾಗೃಹದ ಬಾಲ್ಕನಿಯಲ್ಲಿ ಸ್ಟ್ಯಾಂಡಿನ ಮೇಲೆ ತಿರುಗುವ ಉದ್ದನೆಯ ದೀಪ ಅದು. ನಟ ಹೋದತ್ತ ಅದರ ಮೂತಿ ತಿರುಗಿಸಬೇಕು. ಪಕ್ಕದಲ್ಲೊಂದು ಚಿಕ್ಕ ಹಿಡಿಕೆ. ಅದನ್ನು ಸರಿಸಿದರೆ ಒಳಗಿನ ತಗಡಿನ ಎಸಳುಗಳು ಕೂಡುತ್ತವೆ, ಬಿಚ್ಚುತ್ತವೆ. ಕೂಡಿದರೆ ಬೆಳಕು ಮುಖದಷ್ಟೇ ದುಂಡಗೆ ಬೀಳುತ್ತದೆ. ಬಿಚ್ಚಿದರೆ ಇಡೀ ಮನುಷ್ಯ ಕಾಣುತ್ತಾನೆ.

ಬೆಂಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಗೆಳೆಯನೇ ಆ ತಂಡದ ಮುಖ್ಯ ನಟ. ಆ ವರ್ಷ ಅವನ ಬಲಗೈ ನಡುಗಲು ಶುರುವಾಗಿತ್ತು. ಗೊತ್ತಾದರೆ ಪಾತ್ರ ಕೊಡುವುದಿಲ್ಲವೆಂದು ನನಗೊಬ್ಬನಿಗೇ ಹೇಳಿದ್ದ.

“ಕಡೀ ಸೀನಿನ್ಯಾಗ ಮಾರಿ ಮ್ಯಾಲಷ್ಟ ಬೆಳಕ ಇಡಪಾ. ಕೈ ಕಾಣಬಾರದು.”

“ಆತು ಬಿಡು ಮಹಾರಾಜಾ,” ಎಂದಿದ್ದೆ.

ಪ್ರದರ್ಶನದ ದಿನ ಮಧ್ಯಾಹ್ನದ ತಾಲೀಮಿನಲ್ಲಿ ನನ್ನ ಬೆಳಕು ಒಮ್ಮೆ ಅವನಿಗಿಂತ ಹಿಂದೆ ಬಿತ್ತು. ಎಲ್ಲರೆದುರು ಕೂಗಿದ: “ಏನೋ, ಮ್ಯಾಲೆ ಹಾಸಿಗಿ ಹಾಸ್ಕೊಂಡೀಯೇನು?” ಎಲ್ಲರೂ ನಕ್ಕರು. ಆ ನಗು ಸಂಜೆಯವರೆಗೆ ನನ್ನ ಕಿವಿಯಲ್ಲೇ ಇತ್ತು.

ಕಡೆಯ ದೃಶ್ಯ. ರಂಗವೆಲ್ಲ ಕತ್ತಲು, ಅರಸನ ಪಾತ್ರದಲ್ಲಿ ಅವನು ಮಗನಿಗೆ ಕತ್ತಿ ಒಪ್ಪಿಸಬೇಕು. ನಾನು ಹಿಡಿಕೆ ಸರಿಸಿದೆ. ಬೆಳಕು ಎದೆಗೆ ಹರಡಿತು, ಕೈಗೆ ಹರಡಿತು. ಕತ್ತಿ ಗಡಗಡ ನಡುಗುತ್ತಿತ್ತು.

“ಅಜ್ಜಾರ, ಕತ್ತಿ ಕೆಳಗಿಟ್ಟು ಚಾ ಕುಡೀರಿ!” ಎಂದು ಯಾರೋ ಕೂಗಿದರು. ಸಭಾಗೃಹವೇ ನಕ್ಕಿತು.

ಅವನಿಗೆ ಮುಂದಿನ ಮಾತು ಮರೆತುಹೋಯಿತು. ನೇರ ನನ್ನತ್ತ ನೋಡಿದ. ಆ ಬೆಳಕಿನಲ್ಲಿ ನಿಂತವನಿಗೆ ಎದುರಿಗೆ ಏನೂ ಕಾಣದು, ಆದರೂ ನೋಡಿದ. ಹಿಡಿಕೆಯನ್ನು ಹಿಂದೆ ತಳ್ಳಲು ಒಂದು ಬೆರಳು ಸಾಕಿತ್ತು. ಬೆರಳು ಏಳಲಿಲ್ಲ. ಇದನ್ನು ಮಾಡಿದವನು ನಾನೇ ಎಂದು ಈಗಲೂ ನಂಬಲಾಗುವುದಿಲ್ಲ.

ಆಮೇಲೆ ಬಣ್ಣ ಒರೆಸಿಕೊಳ್ಳುತ್ತ ಅವನೇ ಕೇಳಿದ: “ಲೈಟ್ ಜಾಮ್ ಆಗಿತ್ತೇನೋ?”

“ಹೂಂ, ಜಾಮ್ ಆಗಿತ್ತು.”

“ನಾನೂ ಹಂಗ ಅನ್ಕೊಂಡ್ನಿ,” ಎಂದು ಬೆನ್ನು ತಟ್ಟಿದ.

ತಂಡ ಅವನನ್ನು ಮತ್ತೆ ಕರೆಯಲಿಲ್ಲ. ಈಗಲೂ ಬೆಳಿಗ್ಗೆ ಕಾಂಪೌಂಡ್ ಗೋಡೆಯಾಚೆಯಿಂದ, “ನಾಷ್ಟಾ ಆತೇನೋ?” ಎನ್ನುತ್ತಾನೆ. ಆತು ಎನ್ನುತ್ತೇನೆ. ಅದರಾಚೆ ನನ್ನ ಬಾಯಿ ತೆರೆಯುವುದಿಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವನಲ್ಲಿ, ಪಕ್ಕದ ಮನೆಯ ಆ ಗೆಳೆಯನಲ್ಲಿ.